ಶಬ್ದವಿಚಾರ: ‘ಭಾಳ’, ‘ವೆರಿ’, ‘ಟೂ’

ಆಳಂದದ ವಾಚಕರೊಬ್ಬರು ಕೇಳಿರುವರು: ‘ವೆರಿ’ ಎಂದರೂ ‘ಟೂ’ ಎಂದರೂ ನಮ್ಮ ಕಡೆಯ ಮಾತಿನಲ್ಲಿ ‘ಭಾಳ’ ಎಂದೇ ಆಗುವುದಷ್ಟೆ, ಹೀಗಿರಲು, ಮಗಳು ಕೆಲಸಕ್ಕೆ ಬರೆದ ಅರ್ಜಿಯಲ್ಲಿ ‘ಐ ಯಾಮ್ ಟೂ ಎಕ್ಸ್‌ಪೀರಿಯೆನ್ಸ್ಡ್ ಫಾರ್ ದಿಸ್ ವರ್ಕ್’ ಎಂದುದರಲ್ಲಿ ದೋಷವೇನು?

ಮೊದಲು ‘ಭಾಳ’ದ ಮಾತು. ಇದನ್ನು ಕೇಳಿ ನಗುವ ಪಟ್ಟಣಿಗರುಂಟು. ಆದರೆ ಇದು ಸಂಸ್ಕೃತದ ‘ಬಹಲ’ದ ಸಂತಾನ. ಅದು ‘ಬಹಳ’ವಾಗಿ, ನಡುವಣ ಹಕಾರವು ಮೊದಲಕ್ಷರದೊಡನೆ ಕೂಡಿ ‘ಭಾಳ’ವಾಯಿತು. ಹಕಾರವನ್ನು ಕಳೆಯದೆ ಮಹಾಪ್ರಾಣದಲ್ಲಿ ಉಳಿಸಿಕೊಂಡ ನಾಲಗೆಯನ್ನು ಒರಟೆನ್ನುವುದು ನಮಗೆ ಸಮ್ಮತವಲ್ಲ.

‘ವೆರಿ’ ಎಂಬುದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದುದು. ಲ್ಯಾಟಿನ್ನಿನ ‘ವೇರುಸ್’ ಅದರ ಮೂಲ. ಆದಿಯಲ್ಲಿ ‘ನಿಜವಾದ’ ಎಂದಿದ್ದ ಅರ್ಥವು ಸವೆದು ಈಗ ಆಧಿಕ್ಯಮಾತ್ರ ಉಳಿದಿದೆ. ನಮ್ಮವರು ‘ಖರೇನೇ ಛಲೋ ಅದ’ ಎನ್ನುವಾಗ ಹಿಡಿಯುವ ಹಾದಿಯೂ ಇದೇ.

‘ಟೂ’ ಹಾಗಲ್ಲ. ಅದರ ಹೊಟ್ಟೆಯೊಳಗೆ ಒಂದು ‘ಇಲ್ಲ’ ಅಡಗಿದೆ. ‘ವೆರಿ ಹಾಟ್’ ಎಂಬ ಚಹವನ್ನು ಊದಿ ಕುಡಿಯಬಹುದು. ‘ಟೂ ಹಾಟ್’ ಎಂಬುದು ಕುಡಿಯಲಾರದಷ್ಟು ಬಿಸಿ. ಇಂಗ್ಲಿಷು ಬಚ್ಚಿಡುವ ನಿಷೇಧವನ್ನು ಕನ್ನಡವು ‘ಲಾರದಷ್ಟು’ ಎಂದು ಬಾಯಿಬಿಟ್ಟೇ ಹೇಳುವುದು. ಆದುದರಿಂದ ಮೇಲಣ ಅರ್ಜಿಯನ್ನು ಓದಿದ ಅಧಿಕಾರಿಯು, ‘ಈ ಕೆಲಸ ನನ್ನ ಯೋಗ್ಯತೆಗೆ ಕಡಿಮೆ’ ಎಂದು ಈ ಹುಡುಗಿ ಹೇಳುತ್ತಿರುವಳೆಂದೇ ತಿಳಿಯುವನು! ಅಲ್ಲಿ ‘ವೆರಿ’ಯೂ ಬೇಡ, ಎಷ್ಟು ವರ್ಷ, ಯಾವ ಕೆಲಸ ಮಾಡಿದಳೆಂದು ಬರೆದರೆ ಸಾಕು.

ಹಾಗಾದರೆ ‘ಭಾಳ’ವೊಂದರಿಂದಲೇ ನಮ್ಮವರು ಹೇಗೆ ನಿರ್ವಹಿಸುವರು? ಸಂದರ್ಭದಿಂದ, ಸ್ವರದಿಂದ. ‘ಭೀಮಾಕ್ಕ ಭಾಳ ನೀರು ಬಂದದ’ ಎಂಬ ಮಾತು ಬರದ ವರ್ಷದಲ್ಲಿ ಹರ್ಷ. ೨೦೨೦ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಬಂದಾಗ ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳಲ್ಲಿ ಅದೇ ಮಾತು ಮನೆ ಬಿಡುವ ಸೂಚನೆ. ಬಾಯಿಮಾತಿಗೆ ಇದು ಸಾಲುವುದು. ಕಾಗದಕ್ಕೆ ಸ್ವರವಿಲ್ಲ, ಆಸ್ಪತ್ರೆಗೆ ಕಳುಹುವ ಚೀಟಿಯಲ್ಲಿ ‘ಭಾಳ ಜ್ವರ’ ಎನ್ನುವ ಬದಲು ಎಷ್ಟು ಡಿಗ್ರಿಯೆಂದೇ ಕಾಣಿಸತಕ್ಕದ್ದು.

‘ಟೂ’ವಿಗೆ ಸಮೀಪದ ಶಬ್ದವೊಂದು ನಮ್ಮಲ್ಲಿಯೂ ಉಂಟು: ‘ಅತಿ’. ಮೇರೆ ಮೀರಿದುದೆಂದೇ ಅದರ ಭಾವ. ಅತಿವೃಷ್ಟಿಯೆಂದರೆ ಬರಿಯ ದೊಡ್ಡ ಮಳೆಯಲ್ಲ, ತೊಗರಿಯ ಬೇರು ಕೊಳೆಯಿಸುವ ಮಳೆ. ಇಂಥ ಶಬ್ದವನ್ನು ‘ಅತಿ ಸುಂದರ’, ‘ಅತಿ ರುಚಿಕರ’ ಎಂದು ಜಾಹೀರಾತಿನವರು ಬೇಕಾಬಿಟ್ಟಿ ವೆಚ್ಚಮಾಡುತ್ತಿರುವುದು ನಮಗಂತೂ ಹಿಡಿಸದು.