ಗೃಹಕೃತ್ಯ: ಪದೇಪದೇ ನಿಂತುಹೋಗುವ ಗಣಕಯಂತ್ರ

ಮನೆಯ ಗಣಕಯಂತ್ರವು ಒಮ್ಮೆಗೇ ಕೆಟ್ಟುಹೋದರೆ ಗೃಹಸ್ಥನು ಅದಕ್ಕೊಂದು ದಾರಿಯನ್ನು ಕಂಡುಕೊಳ್ಳುವನು. ದುರಸ್ತಿ ಮಾಡಿಸುವನು, ಇಲ್ಲವೆ ಬೇರೊಂದನ್ನು ತರುವನು. ದಿನಕ್ಕೊಂದು ಸಲ ನಿಂತು, ಗುಂಡಿಯನ್ನೊತ್ತಿದರೆ ಏನೂ ಆಗದಂತೆ ಎದ್ದು, ಮಾರನೆಯ ದಿನ ಪುನಃ ನಿಲ್ಲುವ ಯಂತ್ರದಿಂದಲೇ ಸಂಕಟ ಹೆಚ್ಚು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ವಾಚಕರು ಈ ವಿಷಯವನ್ನು ಕೇಳುತ್ತಿರುವುದರಿಂದ ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇವೆ.

ಇಂತಹ ಯಂತ್ರದೊಳಗೆ ಏನೇನಿರುವುದೆಂಬುದನ್ನು ಮೊದಲು ಆಲೋಚಿಸಬೇಕು. ಮಗ್ಗದ ಮನೆಯಲ್ಲಾದರೆ ತಂದ ರೇಷ್ಮೆಯ, ಕೊಟ್ಟ ಸೀರೆಯ ಲೆಕ್ಕ. ಓದುವ ಮಕ್ಕಳಿರುವಲ್ಲಿ ಅರ್ಧ ಬರೆದ ಪ್ರಬಂಧ. ಎಲ್ಲರ ಮನೆಯಲ್ಲಿಯೂ ಮದುವೆ ನಾಮಕರಣಗಳ ಚಿತ್ರಗಳು, ಈಗ ನಮ್ಮೊಡನಿಲ್ಲದ ಹಿರಿಯರ ಮುಖಗಳು. ಆದಕಾರಣ ಯಂತ್ರವು ಎದ್ದು ನಡೆಯುತ್ತಿರುವ ಹೊತ್ತಿನಲ್ಲಿಯೇ ಇವೆಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುವುದೋ ಇಲ್ಲವೋ ಎಂದು ನೋಡಿಕೊಳ್ಳತಕ್ಕದ್ದು. ದುರಸ್ತಿಯ ಯೋಚನೆ ಆಮೇಲೆ.

ಈ ಕ್ರಮವನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಹನೂರಿನವರು ಯಂತ್ರವನ್ನು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೋ ಮೈಸೂರಿಗೋ ಹೊತ್ತೊಯ್ಯುವರು. ಅಂಗಡಿಯ ಮೇಜಿನ ಮೇಲೆ ಅದು ಇಡೀ ದಿನ ತಕರಾರಿಲ್ಲದೆ ನಡೆಯುವುದು. ಬಂದವರನ್ನು ಬರಿಗೈಯಲ್ಲಿ ಕಳುಹಿಸಲಾರದೆ ಅಂಗಡಿಯವರು “ಫಾರ್ಮ್ಯಾಟ್ ಮಾಡಿಬಿಡೋಣ” ಎನ್ನುವರು. ಡಿಸ್ಕನ್ನು ತೊಳೆದು ವಿಂಡೋಸನ್ನು ಹೊಸದಾಗಿ ತುಂಬುವ ಈ ವಿಧಾನದಿಂದ ಕೆಲವು ರೋಗಗಳು ಗುಣವಾಗುವುದು ನಿಜ. ಆದರೆ ರೋಗವು ವಿದ್ಯುತ್ತಿನಲ್ಲಿಯೋ ಧೂಳಿನಲ್ಲಿಯೋ ಇದ್ದರೆ ಚಿತ್ರಗಳು ಹೋಗುವುವು, ರೋಗವು ಉಳಿಯುವುದು. ಅಂಗಡಿಯಲ್ಲಿ ಚೆನ್ನಾಗಿ ನಡೆದು ಮನೆಯಲ್ಲಿ ನಿಲ್ಲುವ ಯಂತ್ರವು, ದೋಷವು ಬಹುಶಃ ಮನೆಯಲ್ಲಿದೆಯೆಂದು ತಾನೇ ಹೇಳುತ್ತಿರುತ್ತದೆ.

ಆ ದೋಷವನ್ನು ಹಿಡಿಯಲು ನಾವು ಕಂಡ ಸಾಧನಗಳಲ್ಲಿ ನಾಲ್ಕಾಣೆಯ ನೋಟುಪುಸ್ತಕಕ್ಕೆ ಮಿಗಿಲಾದುದಿಲ್ಲ (ನಾಲ್ಕಾಣೆ ಈಗೆಲ್ಲಿದೆಯೆಂದು ವಾಚಕರು ನಗಬಾರದು). ಯಂತ್ರವು ನಿಂತಾಗಲೆಲ್ಲ ತಾರೀಖು, ಗಂಟೆ, ಆಗ ನಡೆಯುತ್ತಿದ್ದ ಕೆಲಸ, ದೀಪವು ಮಂಕಾಯಿತೋ ಎಂಬುದು, ನಿಂತ ಬಗೆ, ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಬೇಕು. ತಟಕ್ಕನೆ ಕತ್ತಲಾಗುವುದು ಬೇರೆ. ನೀಲಿ ಪರದೆಯ ಮೇಲೆ ಅಕ್ಷರಗಳು ಮೂಡುವುದು ಬೇರೆ. ಚಿತ್ರವು ಹಾಗೆಯೇ ಹೆಪ್ಪುಗಟ್ಟಿದಂತೆ ನಿಲ್ಲುವುದು ಬೇರೆ. ದೊಡ್ಡ ಯಂತ್ರಗಳ ಪಂಡಿತರೂ ಹೀಗೆಯೇ ಮಾಡುತ್ತಿದ್ದರು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್ 2 ಎಂಬ ಗಣಕದ ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಿದ್ದುದನ್ನು ಕಂಡು, ಅದನ್ನು ದಿನಚರಿಯ ಪುಸ್ತಕಕ್ಕೇ ಅಂಟಿಸಿಟ್ಟರು. ಆ ಪುಟ ಇಂದಿಗೂ ಉಳಿದಿದೆ.

ವಿಂಡೋಸ್ ಯಂತ್ರವು ತಾನೂ ಒಂದು ದಿನಚರಿಯನ್ನು ಬರೆದಿಡುತ್ತದೆ. ಅದರೊಳಗಿನ ‘ರಿಲಯಬಿಲಿಟಿ ಮಾನಿಟರ್’ ಎಂಬುದನ್ನು ತೆರೆದರೆ ಯಾವ ದಿನ ಏನು ಕೆಟ್ಟಿತೆಂಬುದು ಕೆಂಪು ಗುರುತುಗಳಿಂದ ಕಾಣುವುದು. ‘ಈವೆಂಟ್ ವ್ಯೂಅರ್’ ಎಂಬುದರಲ್ಲಿ ‘ಕರ್ನೆಲ್ ಪವರ್ 41’ ಎಂಬ ನಮೂದು ಕಂಡರೆ, ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ಮತ್ತೆ ಎದ್ದಿತೆಂದು ಮಾತ್ರ ಅರ್ಥ. ಕಾರಣವನ್ನು ಅದು ಹೇಳಲಾರದು. ಕಾರಣಕ್ಕೆ ನಮ್ಮ ನೋಟುಪುಸ್ತಕವೇ ಬೇಕು.

ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ಅಥವಾ ಪಂಪುಸೆಟ್ಟುಗಳು ಹೊರಡುವ ಗಂಟೆಯಲ್ಲಿ ಯಂತ್ರವು ತಟಕ್ಕನೆ ಆರುವುದೆಂದು ಪುಸ್ತಕವು ಹೇಳಿದರೆ ವಿದ್ಯುತ್ತನ್ನು ಸಂದೇಹಿಸಬೇಕು. ಈ ಸೀಮೆಯವರಿಗೆ ವಿದ್ಯುತ್ತು ಹೊಸದೇನಲ್ಲ. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದರು. ಆದರೆ ಅದು ಮೊದಲು ಹೋದದ್ದು ಬಹುದೂರದ ಕೋಲಾರದ ಚಿನ್ನದ ಗಣಿಗಳಿಗೆ. ಕೊಳ್ಳೇಗಾಲವು ಆಗ, 1956ರವರೆಗೂ, ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದಿರಲಿ.

ಮನೆಗಳಿಗೆ ನಿಗದಿಯಾದ ಒತ್ತಡ 230 ವೋಲ್ಟು. ಪಂಪಿನ ಮೋಟಾರು ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಾಲು ಹೆಚ್ಚು ವಿದ್ಯುತ್ತನ್ನು ಎಳೆಯುವುದರಿಂದ ಅದೇ ತಂತಿಯ ತುದಿಯಲ್ಲಿರುವ ಮನೆಗಳಲ್ಲಿ ಒತ್ತಡವು ಒಂದು ಕ್ಷಣ ಕುಸಿಯುವುದು. ದೀಪವು ಮಿಣುಕಿ ಸುಮ್ಮನಾಗುವುದು, ಗಣಕವು ಸುಮ್ಮನಿರಲಾರದು. ಅದರ ಪವರ್ ಸಪ್ಲೈ ಎಂಬ ಪೆಟ್ಟಿಗೆಯು ವಿದ್ಯುತ್ತು ಪೂರ್ತಿ ತಪ್ಪಿದರೆ ಸೆಕೆಂಡಿನ ಸಾವಿರದಲ್ಲಿ ಸುಮಾರು 16 ಪಾಲಿನಷ್ಟು ಹೊತ್ತು ಮಾತ್ರ ತಡೆದುಕೊಳ್ಳಬಲ್ಲುದು. ಹಳೆಯದಾದರೆ ಅಷ್ಟೂ ಇಲ್ಲ.

“ನಮ್ಮಲ್ಲಿ ಇನ್ವರ್ಟರ್ ಇದೆಯಲ್ಲ, ಆದರೂ ಏಕೆ ನಿಲ್ಲುತ್ತದೆ?” ಎಂದು ಕೇಳುವವರು ಅನೇಕರು. ಅನೇಕ ಇನ್ವರ್ಟರುಗಳಲ್ಲಿ ‘ಯುಪಿಎಸ್’ ಎಂದೂ ‘ನಾರ್ಮಲ್’ ಅಥವಾ ‘ಇಕೋ’ ಎಂದೂ ಎರಡು ನೆಲೆಗಳ ಒಂದು ಸಣ್ಣ ಸ್ವಿಚ್ಚಿರುವುದು. ಎರಡನೆಯ ನೆಲೆಯಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನ. ಪಂಖಕ್ಕೆ ಅದು ತಿಳಿಯದು, ಗಣಕವು ಅಷ್ಟರಲ್ಲಿ ಸತ್ತಿರುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿದ ಮಾತ್ರಕ್ಕೆ ಎಷ್ಟೋ ಮನೆಗಳಲ್ಲಿ ಖಾಯಿಲೆ ನಿಲ್ಲಬಹುದು. ಇನ್ವರ್ಟರ್ ಇಲ್ಲದವರು ಗಣಕಕ್ಕೆಂದೇ ಒಂದು ಚಿಕ್ಕ ಯುಪಿಎಸ್ಸನ್ನು ಇಡುವುದು ಲೇಸು. ಅದರ ಬ್ಯಾಟರಿಯು ಎರಡು ಮೂರು ವರ್ಷಗಳಲ್ಲಿ ಸೋಲುವುದೆಂಬುದು ನೆನಪಿರಲಿ. ಪೆಟ್ಟಿಗೆಯ ಲೋಹವನ್ನು ಮುಟ್ಟಿದಾಗ ಚುರ್ ಎಂದರೆ ಅರ್ತಿಂಗನ್ನು ಲೈನ್‌ಮನ್ ಕೆಲಸ ಬಲ್ಲವರಿಂದ ಪರೀಕ್ಷಿಸಿರಿ. ಬೇಸಗೆಯಲ್ಲಿ ಅರ್ತಿನ ಗುಂಡಿ ಒಣಗಿರುವುದುಂಟು. ಚೈತ್ರ ವೈಶಾಖಗಳ ಗುಡುಗುಮಳೆಯಲ್ಲಿ ವಿದ್ಯುತ್ತಿನ ಪ್ಲಗ್ಗನ್ನಷ್ಟೇ ಅಲ್ಲದೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳತಕ್ಕದ್ದು.

ಯಂತ್ರವು ಎದ್ದ ಅರ್ಧ ಗಂಟೆಯ ಮೇಲೆ, ಅದರಲ್ಲಿಯೂ ಮಧ್ಯಾಹ್ನದಲ್ಲಿ ಅಥವಾ ಮಕ್ಕಳು ಆಟವಾಡುವಾಗ ನಿಲ್ಲುವುದಾದರೆ ಕಾವೇ ಕಾರಣವಾಗಿರಬಹುದು. ಒಳಗಿನ ಪ್ರೊಸೆಸರು ಸುಮಾರು 100 ಡಿಗ್ರಿಯನ್ನು ಮುಟ್ಟಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಬಿಡುವುದು. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಒಕ್ಕುವ ಊರುಗಳ ಹೊಟ್ಟು, ಮಗ್ಗದ ಮನೆಗಳ ನವಿರಾದ ಎಳೆಗಳು, ಇವೆಲ್ಲ ಪಂಖದ ಹಿಂದಿನ ಲೋಹದ ರೆಕ್ಕೆಗಳಲ್ಲಿ ಕಂಬಳಿಯಂತೆ ಕೂತಿರುವುವು. ಪರೀಕ್ಷೆಯು ಸುಲಭ: ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದು ಮೇಜಿನ ಪಂಖವನ್ನು ಎದುರಿಗಿಟ್ಟು ನಡೆಸಿರಿ, ಹೊರಗೇ ನಿಲ್ಲಿ, ಒಳಗೆ ಏನನ್ನೂ ಮುಟ್ಟಬೇಡಿ. ಹೆಚ್ಚು ಹೊತ್ತು ನಡೆದರೆ ಕಾವೆಂದು ತಿಳಿಯಿರಿ. ಶುದ್ಧಿ ಮಾಡುವಾಗ ಪ್ಲಗ್ಗನ್ನು ಕಿತ್ತು, ಪಂಖವು ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಒರಸಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು, ಅದರೊಳಗೆ ಹಲ್ಲಿಯೇ ಹೊಕ್ಕಿರಲಿ. ಪ್ಲಗ್ಗನ್ನು ಕಿತ್ತ ಮೇಲೂ ಅದರಲ್ಲಿ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆ.

ನೀಲಿ ಪರದೆಯು ಪ್ರತಿ ಸಲವೂ ಬೇರೆ ಬೇರೆ ಮಾತನ್ನು ತೋರಿಸಿದರೆ ನೆನಪಿನ ಪಟ್ಟಿಯಾದ ರ‍್ಯಾಮನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಮೃದುವಾಗಿ ಉಜ್ಜಿ, ಮತ್ತೆ ಕೂರಿಸಿರಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿರಿ. ಒಂದೇ ಮಾತು ಪ್ರತಿ ಸಲವೂ ಬಂದರೆ, ಅದರಲ್ಲಿಯೂ ಹೊಸದಾಗಿ ಏನನ್ನೋ ತುಂಬಿದ ಮೇಲೆ ಮೊದಲಾದರೆ, ಆ ಹೊಸತನ್ನು ತೆಗೆಯಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶದ ಒಂದೇ ಒಂದು ತಿದ್ದುಪಡಿಯಿಂದ ಲೋಕದ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಅವುಗಳಲ್ಲಿ ಯಂತ್ರದ ಭಾಗ ಯಾವುದೂ ಕೆಟ್ಟಿರಲಿಲ್ಲ.

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬಂದು ಯಂತ್ರವು ಹೆಪ್ಪುಗಟ್ಟಿದರೆ ಮೇಲಿನ ಯಾವ ಪರೀಕ್ಷೆಯನ್ನೂ ಮಾಡಬೇಡಿರಿ. ನಕಲು ಇಲ್ಲದಿದ್ದರೆ ಯಂತ್ರವನ್ನು ಆರಿಸಿ, ಮತ್ತೆ ಎಬ್ಬಿಸದೆ, ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯುವುದನ್ನು ಬಲ್ಲವರ ಬಳಿಗೆ ಒಯ್ಯಿರಿ. ಬೇರೆ ಯಾವ ಕಾರಣಕ್ಕೆ ಅಂಗಡಿಗೆ ಹೋದರೂ ನೋಟುಪುಸ್ತಕವನ್ನು ಜೊತೆಗೊಯ್ದು ತೋರಿಸಿ, ಅವರು ಬದಲಾಯಿಸಿದ ಭಾಗದ ಹೆಸರನ್ನು ಅದೇ ಪುಟದಲ್ಲಿ ತಾರೀಖಿನೊಡನೆ ಬರೆಯಿಸಿಕೊಂಡು ಬನ್ನಿರಿ.