ಕಾಲಾಳುಗಳಿಲ್ಲದ ರಥ

ವಿಡಿಯೊ ಗೇಮುಗಳ ಬಗೆಗೆ ನಮ್ಮ ಸಾಹಿತ್ಯವಲಯದಲ್ಲಿ ಎರಡು ಮಾತುಗಳು ಚಾಲ್ತಿಯಲ್ಲಿವೆ. ಮಕ್ಕಳು ಕೆಡುತ್ತಾರೆ, ಆದ್ದರಿಂದ ನಿಷೇಧಿಸಬೇಕು ಎಂಬುದೊಂದು. ಅದು ಬರಿಯ ಆಟ, ತಲೆ ಕೆಡಿಸಿಕೊಳ್ಳಬೇಡಿ ಎಂಬುದು ಇನ್ನೊಂದು. ಈ ಎರಡು ಮಾತನ್ನು ಆಡುವ ಹಿರಿಯರಲ್ಲಿ ಹೆಚ್ಚಿನವರು ಆಟವನ್ನು ಕಣ್ಣಿಟ್ಟು ನೋಡಿದವರಲ್ಲ. ನಮ್ಮ ತಕರಾರು ಮೂರನೆಯ ಮಾತಿನೊಡನೆ. ಅದನ್ನು ಆಡುವವರು ಆಟವನ್ನು ಚೆನ್ನಾಗಿ ಬಲ್ಲ ಹುಡುಗರು. ‘ವಾರ್ ಥಂಡರ್’ ಎಂಬ ಟ್ಯಾಂಕ್ ಕಾಳಗದ ಆಟವನ್ನು ಸಮರ್ಥಿಸುವಾಗ ಅವರು ಹೇಳುವುದಿಷ್ಟು: ಉಳಿದವು ಗೊಂಬೆಯಾಟ, ಇದು ವಾಸ್ತವ. ‘ವಾಸ್ತವ’ ಎಂಬ ಪದದ ಮೇಲೆ ಹತ್ತಾರು ವರ್ಷ ಕಾದಾಡಿದ ಕನ್ನಡ ವಿಮರ್ಶೆ ಆ ಪದವನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡಬಾರದು.

ಒಂದೇ ಒಂದು ಆಯುಧವನ್ನು ಹಿಡಿದು ಈ ವಾಸ್ತವವನ್ನು ಪರೀಕ್ಷಿಸೋಣ. ಸೋವಿಯತ್ ಮೂಲದ ಬಿಎಂಪಿ-2 ವಾಹನದ ಮೇಲೆ ಕೂತಿರುವ 2ಎ42 ಎಂಬ 30 ಮಿಲಿಮೀಟರ್ ತೋಪು ಅದು. ಆಟೋಕ್ಯಾನನ್ ಎನ್ನುವ ಈ ಜಾತಿಯ ತೋಪು ಮೆಷಿನ್‌ಗನ್ನಿಗಿಂತ ದೊಡ್ಡದು, ಟ್ಯಾಂಕಿನ ತೋಪಿಗಿಂತ ಚಿಕ್ಕದು. ಬೆರಳು ಒತ್ತಿ ಹಿಡಿದಷ್ಟು ಹೊತ್ತು ತಾನೇ ಗುಂಡು ತುಂಬಿಕೊಂಡು ಹಾರಿಸುತ್ತದೆ. ತೂಕ ಸುಮಾರು 115 ಕಿಲೊ. ಅದಕ್ಕೆ ಎರಡು ಗುಂಡಿನ ಸರಗಳು: ಒಂದರಲ್ಲಿ ಉಕ್ಕಿನ ಕವಚ ಭೇದಿಸುವ ಗುಂಡು, ಇನ್ನೊಂದರಲ್ಲಿ ಸಿಡಿಯುವ ಗುಂಡು. ವಾಹನದಲ್ಲಿ ಇರುವುದು ಒಟ್ಟು 500. ವೇಗದ ಗತಿಯಲ್ಲಿ ನಿಮಿಷಕ್ಕೆ 550ಕ್ಕೂ ಮಿಕ್ಕಿ ಹಾರಿಸಬಲ್ಲ ತೋಪಿಗೆ ಆ ದಾಸ್ತಾನು ಒಂದು ನಿಮಿಷಕ್ಕೂ ಸಾಲದು.

ಇದು ಪರದೇಶದ ವಸ್ತುವೆಂದು ದೂರವಿಡುವಂತಿಲ್ಲ. ನಮ್ಮ ಬೀದರಿಗೆ ಬಹಳ ದೂರವಲ್ಲದ ಮೇಡಕ್ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಈ ವಾಹನ 1980ರ ದಶಕದ ಕೊನೆಯಿಂದ ತಯಾರಾಗುತ್ತ ಬಂದಿದೆ. ಅದಕ್ಕಿಟ್ಟ ಹೆಸರು ‘ಸರಥ್’. ಇದೇ ತೋಪಿನ ನೌಕಾರೂಪವನ್ನು ಕರಾವಳಿ ಕಾವಲು ಪಡೆಯ ಗಸ್ತು ಹಡಗುಗಳ ಮೇಲೂ ಕೂರಿಸಿದ್ದಾರೆ. ಆ ಹಡಗುಗಳ ಒಂದು ದರ್ಜೆಗೆ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿಗಳನ್ನು ಏಳು ಕಂಪನಿಗಳಾಗಿ ಒಡೆದಾಗ ಮೇಡಕ್ ಕಾರ್ಖಾನೆ ಯಾವ ಕಂಪನಿಗೆ ಸೇರಿತೋ ಅದೇ ಕಂಪನಿಗೆ ನಮ್ಮ ಅಂಬರನಾಥದ ಮಷೀನ್ ಟೂಲ್ ಪ್ರೊಟೊಟೈಪ್ ಫ್ಯಾಕ್ಟರಿಯೂ ಸೇರಿತು. ಕಲ್ಯಾಣದಾಚೆಯ ಲೋಕಲ್ ರೈಲಿನಲ್ಲಿ ಮೊಬೈಲಿಗೆ ತಲೆಬಾಗಿಸಿ ಟ್ಯಾಂಕ್ ಉರುಳಿಸುವ ಹುಡುಗ ಆ ಊರನ್ನು ಹಾದೇ ಹೋಗುತ್ತಾನೆ.

ಆಟಕ್ಕೆ ಸಲ್ಲಬೇಕಾದ ಶ್ರೇಯ ಸಲ್ಲಲಿ. ತೋಪಿನ ಎರಡು ಬಗೆಯ ಗುಂಡು, ಹಾರಿಸುವ ಗತಿ, ಗುಂಡುಗಳು ಗುರಿಯ ಸುತ್ತ ಚೆದರುವ ರೀತಿ, ಯಾವ ಕೋನದಲ್ಲಿ ಎಷ್ಟು ಮಿಲಿಮೀಟರ್ ಉಕ್ಕನ್ನು ತೂರಬಲ್ಲದು ಎಂಬ ಲೆಕ್ಕ, ಇವೆಲ್ಲ ಶ್ರದ್ಧೆಯಿಂದ ಅಲ್ಲಿವೆ. ಇಂಧನದ ತೊಟ್ಟಿಯನ್ನೂ ಮರೆತಿಲ್ಲ. ಇಂಗ್ಲಿಷ್ ಕಾದಂಬರಿಯ ಹುಟ್ಟನ್ನು ಓದಿದವರಿಗೆ ಈ ಬಗೆ ಹೊಸದೇನಲ್ಲ. 1719ರಲ್ಲಿ ಡೆಫೊ ತನ್ನ ಕ್ರೂಸೊವಿನಿಂದ ಒಡೆದ ಹಡಗಿನ ಸಾಮಾನುಗಳನ್ನು ಒಂದೊಂದಾಗಿ ಪಟ್ಟಿ ಮಾಡಿಸಿದ. ಪಟ್ಟಿ ಉದ್ದವಾದಷ್ಟೂ ಓದುಗ ಕಥೆಯನ್ನು ನಂಬಿದ. ಆದರೆ ಡೆಫೊವಿನ ಪಟ್ಟಿಯ ನಡುವೆ ಜ್ವರದಿಂದ ನಡುಗುವ, ಹೆದರುವ, ಒಂಟಿಯಾದ ಒಬ್ಬ ಮನುಷ್ಯನಿದ್ದ.

ಆಟದ ಬಿಎಂಪಿ-2ರಲ್ಲಿ ಕಾಣೆಯಾದವರು ಏಳು ಜನ.

ಬಿಎಂಪಿ ಟ್ಯಾಂಕ್ ಅಲ್ಲವೇ ಅಲ್ಲ; ಕಾಲಾಳುಗಳನ್ನು ಹೊತ್ತೊಯ್ದು ಕಾಳಗದ ಬಾಯಿಗೆ ಇಳಿಸುವ ವಾಹನ. ಚಾಲಕ, ತೋಪುಗಾರ, ನಾಯಕ ಎಂಬ ಮೂವರ ಜೊತೆಗೆ ಏಳು ಸೈನಿಕರು ಇಕ್ಕಟ್ಟಿನಲ್ಲಿ ಮಂಡಿ ಮಡಚಿ ಕೂರುತ್ತಾರೆ. ಅವರು ಹೊರಬೀಳಬೇಕಾದ ಹಿಂಬಾಗಿಲುಗಳು ಟೊಳ್ಳು. ಆ ಟೊಳ್ಳಿನಲ್ಲಿ ಇಂಧನ. ಪಕ್ಕದ ಉಕ್ಕು ತೆಳು. ಆ ಏಳು ಜನರಿಗೆ ದಾರಿ ಬಿಡಿಸುವುದಕ್ಕಾಗಿಯೇ ಮೇಲಿನ ತೋಪು ಇದೆ. ಆಟದ ಟ್ಯಾಂಕ್ ಕಾಳಗ ತೋಪನ್ನು ಇಟ್ಟುಕೊಂಡು ಆ ಏಳು ಜನರನ್ನು ಅಳಿಸಿಹಾಕಿತು. ಇಂಧನ ತೊಟ್ಟಿಯನ್ನು ನೆನಪಿಟ್ಟವರು ಅದಕ್ಕೆ ಬೆನ್ನು ತಾಗಿಸಿ ಕೂರುವವನನ್ನು ಮರೆತದ್ದು ಹೇಗೆ? ಮಹಾಭಾರತದ ಅಕ್ಷೌಹಿಣಿಯ ಲೆಕ್ಕದಲ್ಲಿ 21,870 ರಥಗಳಿದ್ದರೆ 1,09,350 ಕಾಲಾಳುಗಳು, ರಥವೊಂದಕ್ಕೆ ಐವರು. ರಥಿಕರ ಕಥೆಯನ್ನೇ ಹೇಳಹೊರಟ ಕಾವ್ಯವೂ ಕಾಲಾಳುಗಳನ್ನು ಎಣಿಸದೆ ಬಿಡಲಿಲ್ಲ. ‘ಸರಥ’ ಎಂದರೆ ರಥಸಹಿತ. ರಥದ ಜೊತೆಗೆ ಒಬ್ಬ ಇರಲೇಬೇಕಾದ ಪದ.

ಈಗ ಕಾಲಾಳುಗಳನ್ನೂ ಆಟಕ್ಕೆ ತರುವ ಮಾತು ಕೇಳಿಬರುತ್ತಿದೆ. ಬರಲಿ. ಅವರಿಗೆ ಏನಾಗಲಿದೆಯೆಂದು ಊಹಿಸಲು ವಾಹನದೊಳಗಿನ ಮೂವರಿಗೆ ಏನಾಗುತ್ತಿದೆಯೆಂದು ನೋಡಿದರೆ ಸಾಕು. ಗುಂಡು ಒಳಹೊಕ್ಕಾಗ ವಾಹನ ಗಾಜಿನಂತೆ ಪಾರದರ್ಶಕವಾಗುತ್ತದೆ, ಒಳಗೆ ಕುಳಿತ ಆಕೃತಿಗಳು ಬಣ್ಣ ಬದಲಿಸುತ್ತವೆ. ಸತ್ತರು ಎಂಬ ಮಾತಿಲ್ಲ. ‘ನಾಕ್ಡ್ ಔಟ್’ ಎನ್ನುತ್ತದೆ ಆಟ. ಕಾಳಗ ಮುಗಿದ ಮೇಲೆ ಲೆಕ್ಕ ಬರುತ್ತದೆ: ವಾಹನದ ದುರಸ್ತಿಗೆ ಇಷ್ಟು ‘ಬೆಳ್ಳಿ ಸಿಂಹ’ಗಳು. ಮೂವರು ಮಾತ್ರ ಮುಂದಿನ ಕಾಳಗಕ್ಕೆ ಗಾಯವಿಲ್ಲದೆ, ಗಳಿಸಿದ ಅನುಭವದ ಅಂಕಗಳೂ ಕಳೆಯದೆ, ಪುಕ್ಕಟೆಯಾಗಿ ಹಾಜರು. ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಈ ಕ್ರಮ ತೀರ ಅಪರಿಚಿತವೇನಲ್ಲ. ಮುರಿದ ಕುರ್ಚಿಗೆ ಒಂದು ಟಿಪ್ಪಣಿ, ಅದರ ಮೇಲೆ ಮೂರು ಸಹಿ ಬೀಳುತ್ತವೆ. ಆ ಕುರ್ಚಿಯಲ್ಲಿ ಕೂತು ಬೆನ್ನು ಮುರಿದುಕೊಂಡವನಿಗೆ ಕಲಮು ಇಲ್ಲ. ಆದರೆ ಕಚೇರಿ ತನ್ನನ್ನು ವಾಸ್ತವವೆಂದು ಜಾಹೀರಾತು ಮಾಡಿಕೊಂಡು ಮಾರುವುದಿಲ್ಲ.

ಚದುರಂಗದಲ್ಲಿಯೂ ರಕ್ತವಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ. ಚದುರಂಗದ ಆನೆಯ ಚರ್ಮ ಎಷ್ಟು ಮಿಲಿಮೀಟರ್ ದಪ್ಪವೆಂದು ಯಾರೂ ಹೇಳಲಿಲ್ಲ. ಅದು ತನ್ನ ಸುಳ್ಳನ್ನು ಮುಚ್ಚಿಡದ ಆಟ. ಉಕ್ಕಿನ ದಪ್ಪವನ್ನು ನಿಖರವಾಗಿ ಹೇಳುವವನಿಗೆ ಉಕ್ಕಿನ ಒಳಗಿರುವುದನ್ನೂ ಹೇಳುವ ಹೊಣೆ ಅಂಟಿಕೊಳ್ಳುತ್ತದೆ.

ಯುದ್ಧವನ್ನು ಹೊಗಳುವವರೂ ಈ ಹೊಣೆಯನ್ನು ತಪ್ಪಿಸಿಕೊಂಡಿರಲಿಲ್ಲ. ಬೊರಿವಲಿಯ ಎಕ್ಸರ್‌ನಲ್ಲಿ, ಫ್ಲಾಟುಗಳ ನಡುವೆ, ವೀರಗಲ್ಲುಗಳು ಇಂದಿಗೂ ನಿಂತಿವೆ. ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ಹದಿಮೂರನೆಯ ಶತಮಾನದಲ್ಲಿ ನಡೆದ ಯುದ್ಧದ ಕುರುಹು ಅವೆಂದು ಇತಿಹಾಸಕಾರರ ಊಹೆ. ಮುಂಬಯಿಗರಲ್ಲಿ ಎಷ್ಟು ಜನ ಅವನ್ನು ನೋಡಿದ್ದಾರೋ! ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ: ಆನೆಗಳು, ಸಾಲುಹುಟ್ಟಿನ ಹಡಗುಗಳು. ಅದರ ಮೇಲೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ತುದಿಯಲ್ಲಿ ಶಿವಸಾನ್ನಿಧ್ಯ. ಇದು ಶಾಂತಿಯ ಶಿಲ್ಪವಲ್ಲ, ಸಾವಿಗೆ ಆಮಿಷವೊಡ್ಡುವ ಶಿಲ್ಪ. ಹಾಗಿದ್ದೂ ಹೋರಾಡಿದವನು ಸತ್ತ ಎಂಬುದನ್ನು ಅದು ಅಡಗಿಸುವುದಿಲ್ಲ, ಸತ್ತದ್ದರಿಂದಲೇ ಕಲ್ಲು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆದೇ ಭೀಷ್ಮರ ಬಳಿಗೆ ಹೋಗಬೇಕು. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲಬೇಕು. ಯುದ್ಧ ಬೇಕೆಂದವನನ್ನೇ ಕವಿ ಆ ದಾರಿಯಲ್ಲಿ ನಡೆಸಿದ. ‘ವಾರ್ ಥಂಡರ್’ನ ರಣಭೂಮಿಯಲ್ಲಿ ಉರಿಯುವ ವಾಹನಗಳಿವೆ, ಹೆಣವಿಲ್ಲ.

ನಿಷೇಧದವರಿಗೆ ನಮ್ಮ ಉತ್ತರ ಚಿಕ್ಕದು. 2019ರಲ್ಲಿ ಪಬ್‌ಜಿ ನಿಷೇಧಿಸಬೇಕೆಂದು ಬಾಂಬೆ ಹೈಕೋರ್ಟಿಗೆ ಅರ್ಜಿ ಹೋಯಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು, ಆದರೆ ದೇಶದ ಭದ್ರತೆ ಮತ್ತು ಮಾಹಿತಿ ಸೋರಿಕೆಯ ಕಾರಣಕ್ಕೆ. ಮರುವರ್ಷ ಬೇರೆ ಹೆಸರಿನಲ್ಲಿ ಆಟ ಮರಳಿತು. ಆಟ ಏನು ಹೇಳುತ್ತಿದೆ ಎಂಬ ಪ್ರಶ್ನೆಯನ್ನು ಈ ನಡುವೆ ಯಾರೂ ಕೇಳಲಿಲ್ಲ.

ಕೇಳದಿದ್ದುದರ ಬೆಲೆ 2025ರ ಮೇ ತಿಂಗಳಲ್ಲಿ ಕಂಡಿತು. ಗಡಿಯ ಸಂಘರ್ಷದ ಆ ದಿನಗಳಲ್ಲಿ ವಿಡಿಯೊ ಗೇಮಿನ ದೃಶ್ಯಗಳು ನಿಜವಾದ ದಾಳಿಯ ದೃಶ್ಯಗಳೆಂದು ಹರಿದಾಡಿದವು. ಪಿಐಬಿಯ ಫ್ಯಾಕ್ಟ್ ಚೆಕ್ ವಿಭಾಗ ಅವು ಆಟದವೆಂದು ಮತ್ತೆ ಮತ್ತೆ ಸಾರಬೇಕಾಯಿತು. ಆ ದೃಶ್ಯಗಳನ್ನು ಸೊಸೈಟಿಯ ವಾಟ್ಸಾಪ್ ಗುಂಪುಗಳಲ್ಲಿ ಹಂಚಿದವರು ಹುಡುಗರಲ್ಲ, ನಮ್ಮ ವಯಸ್ಸಿನವರು, ಪದವೀಧರರು. ಉರಿಯುವ ಉಕ್ಕನ್ನು ಕಂಡು ಸಂಭ್ರಮಿಸಿದ ಅವರಿಗೆ ದೃಶ್ಯದಲ್ಲಿ ಮನುಷ್ಯರಿಲ್ಲದ್ದು ಒಂದು ಕೊರತೆಯಾಗಿ ತೋರಲಿಲ್ಲ.

ದೇಶಾಭಿಮಾನದಿಂದ ಈ ಆಟವಾಡುವವರಿಗೆ ಇನ್ನೂ ಒಂದು ಮಾತು. ಭಾರತದ ‘ಭೀಷ್ಮ’ ಟ್ಯಾಂಕ್ ಈ ಆಟದಲ್ಲಿ ದೊರೆಯುತ್ತದೆ. ಅದನ್ನು ಪಡೆಯಬೇಕಾದರೆ ಬ್ರಿಟನ್ನಿನ ಶಾಖೆಗೆ ಹೋಗಬೇಕು. ವಾಸ್ತವದ ಅಭಿಮಾನಿಗಳು ಇದನ್ನು ಯಾವ ಮಿಲಿಮೀಟರಿನಲ್ಲಿ ಅಳೆಯುತ್ತಾರೆ?

2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೈನ್ಯಕ್ಕೆ ಸೇರಲು ಹದಿನೇಳೂವರೆ ವರ್ಷ ತುಂಬಿದ್ದರೆ ಸಾಕು. ಸೇವೆ ನಾಲ್ಕು ವರ್ಷ. ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬ. ಡೊಂಬಿವಲಿಯ ಕೋಣೆಯಲ್ಲಿ ಕೂತು 2ಎ42ರ ಗತಿಯನ್ನು ಬಾಯಿಪಾಠ ಒಪ್ಪಿಸುವ ಹುಡುಗನಿಗೂ ಸರಥ್‌ನ ಹಿಂಬಾಗಿಲ ಬಳಿ ಮಂಡಿ ಮಡಚಿ ಕೂತವನಿಗೂ ವಯಸ್ಸಿನಲ್ಲಿ ಅಂತರ ಅಷ್ಟಕ್ಕಷ್ಟೆ. ಆ ಹುಡುಗ ಇನ್ನೊಮ್ಮೆ ‘ವಾಸ್ತವ’ ಎಂದಾಗ, ಹಿಂದೆ ಎಷ್ಟು ಜನ ಕೂತಿದ್ದಾರೆ ಎಂದು ನಾವು ಅವನನ್ನು ಕೇಳಬೇಕು; ಅವನು ಗೊತ್ತಿಲ್ಲವೆಂದರೆ, ಏಳು ಎಂದು ಹೇಳಬೇಕು.