ಪರದೇಶದ ಚಿತ್ರ, ಕನ್ನಡದ ಅಡಿಬರಹ

ಅನ್ಯದೇಶಗಳ ಚಲಚ್ಚಿತ್ರಗಳನ್ನು ನೋಡಬೇಕಾದರೆ ಹಿಂದೆ ದೊಡ್ಡ ಪಟ್ಟಣದ ಚಿತ್ರಮಂದಿರಕ್ಕೋ ಫಿಲ್ಮ್ ಸೊಸೈಟಿಯ ಪ್ರದರ್ಶನಕ್ಕೋ ಹೋಗಬೇಕಾಗಿದ್ದಿತು. ಈಗ ಕೊರಿಯ, ಜಪಾನ್, ಇರಾನ್, ಸ್ಪೇನ್ ದೇಶಗಳ ಚಿತ್ರಗಳೂ ಧಾರಾವಾಹಿಗಳೂ ಅಂತರ್ಜಾಲದ ಮೂಲಕ ನಮ್ಮ ನಡುಮನೆಗೇ ಬಂದಿಳಿದಿವೆ. ಇದರಿಂದ ನಮ್ಮ ಸಂಸ್ಕೃತಿಗೆ ಕೇಡಾಯಿತೆಂದು ಕಳವಳಪಡುವವರುಂಟು. ಆ ಕಳವಳದಲ್ಲಿ ನಾವು ಪಾಲುಗಾರರಲ್ಲ. ಬೇರೆ ಜನರು ಏತಕ್ಕೆ ನಗುವರು, ಏತಕ್ಕೆ ಅಳುವರು ಎಂಬುದನ್ನು ಅರಿತುದರಿಂದ ಯಾವ ನಾಡೂ ಕೆಟ್ಟುದಿಲ್ಲ. ನಮ್ಮ ಚಿಂತೆ ಬೇರೆಯದು.

ಸಬ್‌ಟೈಟಲ್ ಎಂದು ಕರೆಯುವ ಅಡಿಬರಹವು ಈ ಚಿತ್ರಗಳಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತದೆ. 2020ರಲ್ಲಿ ಕೊರಿಯದ 'ಪ್ಯಾರಸೈಟ್' ಚಿತ್ರವು ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು. ಇಂಗ್ಲಿಷೇತರ ಚಿತ್ರವೊಂದಕ್ಕೆ ಆ ಮನ್ನಣೆ ದೊರೆತುದು ಅದೇ ಮೊದಲು. ಅಂತಹ ಚಿತ್ರವನ್ನು ಮನೆಯಲ್ಲಿ ಹಾಕಿದಾಗ ಕಾಲೇಜಿನ ಮೊಮ್ಮಗಳು ಓದಿ ನಗುತ್ತಾಳೆ. "ಏನಂದನೇ ಅವನು?" ಎಂದು ಅಜ್ಜಿ ಕೇಳುತ್ತಾಳೆ. ಉತ್ತರ ಬರುವಷ್ಟರಲ್ಲಿ ದೃಶ್ಯ ಕಳೆದಿರುತ್ತದೆ. ನಾಲ್ಕು ಸಲ ಕೇಳಿದ ಅಜ್ಜಿ ಐದನೆಯ ಸಲ ಎದ್ದು ಹೋಗುತ್ತಾಳೆ. ಕನ್ನಡವನ್ನು ಚೆನ್ನಾಗಿ ಓದಬಲ್ಲ ಹೆಂಗಸು ತನ್ನ ಮನೆಯಲ್ಲಿಯೇ ಪರಕೀಯಳಾಗುತ್ತಾಳೆ. ಕೊರಿಯದ ತಾಯಿಯ ದುಃಖವು ಕನ್ನಡದ ತಾಯಿಯನ್ನು ಮುಟ್ಟಲು ನಡುವೆ ಇಂಗ್ಲಿಷಿನ ಸುಂಕದ ಕಟ್ಟೆಯೇಕೆ?

ನಮ್ಮ ಹಿರಿಯರು ಇಂತಹ ಕಟ್ಟೆಯನ್ನು ಒಪ್ಪಲಿಲ್ಲ. ಬಿ. ವೆಂಕಟಾಚಾರ್ಯರು ತಾವು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಓದುಗರು ಬಂಗಾಳಿಯನ್ನು ಕಲಿತು ಬರಲೆಂದು ಕಾಯಲಿಲ್ಲ. ಷೇಕ್ಸ್‌ಪಿಯರನ ಒಥೆಲೋ ಬಸವಪ್ಪಶಾಸ್ತ್ರಿಗಳ ಕೈಯಲ್ಲಿ 'ಶೂರಸೇನ ಚರಿತೆ'ಯಾಯಿತು. 1926ರಲ್ಲಿ ಪ್ರಕಟವಾದ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನೇ ತೆರೆಯಿತು. ಹೊರಗಿನದು ಕನ್ನಡವಾಗಿ ಬಂದಾಗಲೆಲ್ಲ ಕನ್ನಡವು ಬೆಳೆದಿದೆ.

ಚಿತ್ರಗಳ ವಿಷಯದಲ್ಲಿ ಮಾತ್ರ ನಾವು ಈ ನೀತಿಯನ್ನು ಮರೆತೆವು. 1960ರ ದಶಕದಿಂದ ಡಬ್ಬಿಂಗಿಗೆ ಅಡ್ಡಿಯಾಗಿದ್ದುದು ಶಾಸನವಲ್ಲ, ಉದ್ಯಮದವರ ಕಟ್ಟುಪಾಡು. ಅಂದಿನ ಕಲಾವಿದರಿಗೆ ಹೊಟ್ಟೆಪಾಡಿನ ಭಯವಿದ್ದುದು ಸಹಜವೇ. ಆದರೆ ಫಲವೇನು? 1988ರಿಂದ ದೂರದರ್ಶನದಲ್ಲಿ ಬಂದ ಮಹಾಭಾರತವನ್ನು ಕುಮಾರವ್ಯಾಸನ ನಾಡು ಹಿಂದಿಯಲ್ಲಿ ನೋಡಿತು. 2012ರಲ್ಲಿ 'ಸತ್ಯಮೇವ ಜಯತೇ' ಕಾರ್ಯಕ್ರಮವು ತಮಿಳು, ತೆಲುಗು, ಮಲಯಾಳಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. ಕಡೆಗೆ 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಇಂತಹ ತಡೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. 2017ರಲ್ಲಿ ಡಬ್ಬಿಂಗ್ ಚಿತ್ರಗಳು ಮತ್ತೆ ತೆರೆಗೆ ಬಂದವು. ಕನ್ನಡಿಗನು ಅರ್ಧ ಶತಮಾನದಲ್ಲಿ ಪರಭಾಷೆಯ ಚಿತ್ರಗಳನ್ನು ನೋಡುವುದನ್ನು ಬಿಡಲಿಲ್ಲ. ಅವನ್ನು ಕನ್ನಡದಲ್ಲಿ ನೋಡುವ ಅಭ್ಯಾಸವೇ ಬೆಳೆಯದೆ ಹೋಯಿತು.

ಡಬ್ಬಿಂಗೇ ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವುದಿಲ್ಲ. ಮುಸ್ಸೋಲಿನಿಯ ಇಟಲಿಯಲ್ಲಿ ಪರಭಾಷೆಯ ಮಾತು ಜನರ ಕಿವಿಗೆ ಬೀಳಬಾರದೆಂದೇ ಅದನ್ನು ಕಡ್ಡಾಯ ಮಾಡಿದ್ದರು. ಸ್ವೀಡನ್ನಿನವರಾದರೋ ಮೂಲದ ದನಿಯನ್ನು ಹಾಗೆಯೇ ಉಳಿಸಿ ಕೆಳಗೆ ತಮ್ಮ ಭಾಷೆಯನ್ನು ಅಚ್ಚಿಸುತ್ತಾರೆ. ಮಕ್ಕಳಿಗೂ ಓದಲಾರದವರಿಗೂ ಡಬ್ಬಿಂಗ್ ಬೇಕು. ಉಳಿದವರಿಗೆ ಸ್ವೀಡನ್ನಿನ ಮಾರ್ಗವೇ ಲೇಸು. ಆ ದೇಶದ ಜನಸಂಖ್ಯೆ ಸುಮಾರು ಒಂದು ಕೋಟಿ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಅವರಿಗೆ ಸಾಧ್ಯವಾದುದು ನಮಗೆ ಅಸಾಧ್ಯವೆಂದರೆ ನಂಬುವವರಾರು?

ಆದುದರಿಂದ ಚಿತ್ರಗಳನ್ನು ಮನೆಗೆ ಮುಟ್ಟಿಸುವ ಕಂಪನಿಗಳು ಕನ್ನಡದ ಅಡಿಬರಹವನ್ನು ಒದಗಿಸತಕ್ಕದ್ದು. ನಮ್ಮಿಂದ ಚಂದಾ ಪಡೆಯುವವರಿಗೆ ಇದು ಕರ್ತವ್ಯ, ಉಪಕಾರವಲ್ಲ. ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುವ ಸರ್ಕಾರವು ಈ ಕಾರ್ಯಕ್ಕೂ ಒಂದು ಪಾಲನ್ನು ತೆಗೆದಿಡಲಿ. ಒಂದೆರಡು ಸಾಲಿನಲ್ಲಿ, ನಾಲ್ಕಾರು ಸೆಕೆಂಡುಗಳಲ್ಲಿ, ಮಾತಿನ ಹುರುಳನ್ನು ತಿಳಿಗನ್ನಡದಲ್ಲಿ ಹಿಡಿಯುವುದು ಸುಲಭದ ಕೆಲಸವಲ್ಲ. ಆದುದರಿಂದ ಅದನ್ನು ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳದೆ ಬಲ್ಲ ಬರಹಗಾರರಿಗೆ ತಕ್ಕ ಸಂಭಾವನೆಯನ್ನಿತ್ತು ಮಾಡಿಸಬೇಕು.

ಇನ್ನು ವಾಚಕ ಮಹಾಶಯರಲ್ಲಿ ಒಂದು ಅರಿಕೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವು ಕಂಡಾಗ ಅದನ್ನೇ ಆರಿಸಿರಿ. ಕಾಣದಿದ್ದಾಗ ಕಂಪನಿಗೆ ಬರೆದು ಕೇಳಿರಿ. ಕೇಳುವವರಿಲ್ಲದ ಸರಕನ್ನು ಯಾವ ವರ್ತಕನೂ ತರಿಸಲಾರನು.